ನೀರಿಲ್ಲದ ಪೈಪು

ಓಣಿಯವರೆಲ್ಲ ಅವನನ್ನು ಕರೆಯುತ್ತಿದ್ದದ್ದು ಸ್ಪ್ಯಾನರ್ ಎಂದು. ಹರೆಯದಲ್ಲಿ ಹೊರದೇಶಕ್ಕೆ ಹೋದವನು ಅಲ್ಲಿನ ದೊಡ್ಡ ಹೋಟೆಲುಗಳಲ್ಲಿ ಮೊದಲು ಇನ್ನೊಬ್ಬರ ಕೈಕೆಳಗೆ, ಆಮೇಲೆ ತಾನೇ ಮೇಸ್ತ್ರಿಯಾಗಿ, ಮೀಸೆ ನರೆಯುವವರೆಗೂ ಕೊಳಾಯಿ ಕೆಲಸ ಮಾಡಿದ. ಫೋನಿನಲ್ಲಿ ಯಾರಾದರೂ "ಎಲ್ಲಿದೀಯೋ?" ಎಂದರೆ "ನಲ್ಲಿಯಲ್ಲಿ" ಎನ್ನುತ್ತಿದ್ದ. ನಲ್ಲಿ ರಿಪೇರಿಯವನ ವಿಳಾಸ ಯಾವತ್ತೂ ಸಪ್ತಮೀ ವಿಭಕ್ತಿಯೇ ತಾನೆ.

ಗಂಟುಮೂಟೆ ಕಟ್ಟಿಕೊಂಡು ಇನ್ನು ಇಲ್ಲೇ ಎಂದು ಅವನು ಮನೆಗೆ ಬಂದಾಗ ತಾಯಿ ತೀರಿಕೊಂಡು ವರ್ಷ ದಾಟಿತ್ತು. ಕೊನೆಯ ಸಲ ಮುಖ ನೋಡುವುದಕ್ಕೂ ಅವನು ಬಂದಿರಲಿಲ್ಲ. ರಜೆ ಸಿಗಲಿಲ್ಲ ಎಂದು ಎಲ್ಲರಿಗೂ ಹೇಳಿದ್ದ. ಕೇಳಿದ್ದರೆ ತಾನೇ ಸಿಗುವುದು? ಧಣಿಯ ಮುಖ ನೋಡಿ ಬಾಯಿ ತೆರೆಯಲಾರದೆ ಸುಮ್ಮನಾಗಿದ್ದ. ಅದು ಅವನಿಗೊಬ್ಬನಿಗೇ ಗೊತ್ತಿತ್ತು.

ಮನೆಯಲ್ಲಿ ಉಳಿದಿದ್ದವಳು ಅಕ್ಕ. ದರ್ಜಿ ಅಂಗಡಿಗೆ ಕಾಜಾ, ಗುಂಡಿ ಹಾಕಿಕೊಡುವವಳು. ತಾಯಿ ಹಾಸಿಗೆ ಹಿಡಿದ ಮೇಲೆ ಅಂಗಡಿಗೆ ಹೋಗುವುದು ಬಿಟ್ಟು ಬಟ್ಟೆಯ ಗಂಟನ್ನೇ ಮನೆಗೆ ತರಿಸಿಕೊಂಡಿದ್ದಳು. ಬಾಯಿ ಜೋರು. ಚಿಕ್ಕಂದಿನಲ್ಲಿ ತಮ್ಮ ಹಾಲು ಚೆಲ್ಲಿದರೂ ಬೈಗುಳ, ಚೆಲ್ಲದಿದ್ದರೆ "ಇವತ್ತೇನು ಜ್ವರವಾ?" ಎಂಬ ಅನುಮಾನ. ಈಗ ಹೇಗೂ ಜನ್ಮ ಜಾಲಾಡುತ್ತಾಳೆ, ತಲೆ ಬಗ್ಗಿಸಿ ನಿಂತುಬಿಡಬೇಕು, ಬೈದು ಬೈದು ಅವಳಿಗೂ ಹಗುರ, ಬೈಸಿಕೊಂಡು ತನಗೂ ಹಗುರ ಎಂದುಕೊಂಡೇ ಅವನು ವಿಮಾನ ಹತ್ತಿದ್ದ.

ಅಕ್ಕ ಬಾಗಿಲು ತೆರೆದು "ಬಂದ್ಯಾ? ಸುಸ್ತಾಗಿರ್ಬೇಕು, ಕೂತ್ಕೋ" ಎಂದಳು. ಕಾಫಿ ತಂದಳು, ಕಪ್ಪಿನ ಕೆಳಗೆ ಸಾಸರ್ ಇಟ್ಟು. ತಾನು ಮಾತ್ರ ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ಸ್ಟೀಲ್ ಲೋಟದಲ್ಲಿ ಕುಡಿದಳು. ಸಾಸರ್ ನೆಂಟರಿಗೆ ಇಡುವುದು. ನೆಂಟರನ್ನು ಯಾರೂ ಬೈಯುವುದಿಲ್ಲ. ಬೈಗುಳಕ್ಕೂ ಒಂದು ಸಲಿಗೆ ಬೇಕು.

ದಿನ ಕಳೆದರೂ ಸಾಸರ್ ಹೋಗಲಿಲ್ಲ, ಬೈಗುಳ ಬರಲಿಲ್ಲ. ಕಾದು ಕಾದು ಸಾಕಾಗಿ, ಬಾಯಲ್ಲಿ ಕೇಳಲಾರದ ಕ್ಷಮೆಯನ್ನು ಕೈಯಲ್ಲಾದರೂ ಕೇಳೋಣವೆಂದು ಅವನು ಉಪಕರಣದ ಚೀಲ ಬಿಚ್ಚಿದ. ಅಡುಗೆಮನೆಯ ತೊಟ್ಟಿಕ್ಕುವ ನಲ್ಲಿಗೆ ಹೊಸ ವಾಷರ್ ಹಾಕಿದ. ಸಿಂಕಿನ ಕೆಳಗೆ ಕಟ್ಟಿಕೊಂಡಿದ್ದ ಕೊಳೆ ತೆಗೆದ. ಟ್ಯಾಂಕ್ ತೊಳೆದ. ಅಕ್ಕ ಎಲ್ಲಕ್ಕೂ "ನಿನಗ್ಯಾಕೆ ತೊಂದರೆ" ಎಂದಳು. ತೊಂದರೆಯಂತೆ! ಸ್ವಂತ ತಮ್ಮನಿಗೆ ಹೇಳುವ ಮಾತೇ ಅದು?

ಕೊನೆಗೆ ಬಚ್ಚಲುಮನೆಗೆ ಕೈಹಾಕಿದ. ಒಳಗೊಂದು ವಿಚಿತ್ರ. ನಲ್ಲಿಯ ಪಕ್ಕದ ಗೋಡೆಗೆ, ಅವನ ಸೊಂಟಕ್ಕಿಂತ ಕೆಳಗೆ, ಒಂದು ಹಳೇ ಕಬ್ಬಿಣದ ಪೈಪಿನ ತುಂಡು. ಸೊಟ್ಟಗೆ, ಒಂದು ಕಡೆ ಇಳಿದುಕೊಂಡು ಕೂತಿತ್ತು. ಎಲ್ಲಿಂದಲೂ ನೀರು ಬರುವುದಿಲ್ಲ, ಎಲ್ಲಿಗೂ ಹೋಗುವುದಿಲ್ಲ.

"ಯಾವ ಕತ್ತೆ ಹಾಕಿದ್ದು ಇದನ್ನ?" ಎಂದು ತನಗೆ ತಾನೇ ನಕ್ಕ.

ಹಾಕಿದ್ದು ಕತ್ತೆಯಾದರೂ ಗಟ್ಟಿ ಕತ್ತೆ. ಬೋಲ್ಟುಗಳು ಜಪ್ಪಯ್ಯ ಅಂದರೂ ಬರಲಿಲ್ಲ. ಬೆವರು ಸುರಿಸಿ ಕಿತ್ತು, ಸಿಮೆಂಟ್ ತರಲು ಹಾರ್ಡ್‌ವೇರ್ ಅಂಗಡಿಗೆ ಹೋದ.

"ಏನು ಫಾರಿನ್ ಸಾಹೇಬ್ರೇ, ಅಲ್ಲಿ ತೂತು ಮುಚ್ಚಿ ಮುಚ್ಚಿ ಸಾಕಾಗ್ಲಿಲ್ವಾ?" ಎಂದ ಅಂಗಡಿಯವನು.

"ಅಲ್ಲಿದ್ದದ್ದು ಬೇರೆಯವರ ತೂತು, ಇದು ನಮ್ಮನೇದು."

"ಹಾಗಾದ್ರೆ ಸಿಮೆಂಟ್ ಜಾಸ್ತೀನೇ ತಗೊಳ್ಳಿ."

ಮನೆಗೆ ಬಂದು ತೂತುಗಳನ್ನು ಮುಚ್ಚಿ, ಮಟ್ಟ ಮಾಡಿ, ತಾನೇ ಮೆಚ್ಚಿಕೊಳ್ಳುತ್ತ ನಿಂತಿದ್ದಾಗ ಅಕ್ಕ ಕಾಜಾ ಬಟ್ಟೆಯ ಗಂಟು ಅಂಗಡಿಗೆ ಕೊಟ್ಟು ಬಂದಳು. ಕಾಲು ತೊಳೆಯಲು ಬಚ್ಚಲಿಗೆ ಕಾಲಿಟ್ಟಳು. ಕೈ ತನ್ನಷ್ಟಕ್ಕೆ ಗೋಡೆಯ ಕಡೆ ಹೋಯಿತು, ಏನೂ ಸಿಗದೆ ಹಸಿ ಸಿಮೆಂಟಿಗೆ ತಾಗಿತು.

"ಎಲ್ಲೋ ಅದು?"

"ಯಾವ್ದು? ಆ ಪೈಪಾ? ನೀರೇ ಬರಲ್ಲ ಅದ್ರಲ್ಲಿ, ಸುಮ್ನೆ—"

"ನೀರು ಬರಕ್ಕಾ ಹಾಕಿದ್ದು ಅದನ್ನ? ಅಮ್ಮ ಹಿಡ್ಕೊಂಡು ನಿಲ್ತಿದ್ಲಲ್ಲೋ! ಸ್ನಾನ ಮಾಡ್ಸೋವಾಗ ಬೀಳ್ದೆ ಇರ್ಲಿ ಅಂತ ನಾನೇ ಹಾಕಿದ್ದು!"

ಸ್ಪ್ಯಾನರ್ ತಾನು ಮುಚ್ಚಿದ ತೂತುಗಳನ್ನು ಮತ್ತೆ ನೋಡಿದ. ಹೊರದೇಶದಲ್ಲಿ ಮುದುಕರು ಹಿಡಿದು ಏಳಲೆಂದು ಎಷ್ಟು ಬಚ್ಚಲುಗಳಿಗೆ ಫಳಫಳ ಹೊಳೆಯುವ ಹಿಡಿಕಂಬಿ ಕೂರಿಸಿದ್ದನೋ ಲೆಕ್ಕವಿರಲಿಲ್ಲ. ಕತ್ತಲಲ್ಲಿ ಕೈಯಾಡಿಸಿದರೂ ಗುರುತು ಹಿಡಿಯಬಲ್ಲ. ತನ್ನ ಮನೆಯದು ಮಾತ್ರ ಹಗಲಲ್ಲೂ ಗುರುತಾಗಲಿಲ್ಲ. ತಾಯಿಗೆ ನಿಲ್ಲಲು ಏನಾದರೂ ಬೇಕಾದೀತು ಎಂಬುದೇ ಅವನ ತಲೆಯಲ್ಲಿರಲಿಲ್ಲ. ಫೋನಿನಲ್ಲಿ "ಅಮ್ಮ ಹೇಗಿದಾಳೆ?" ಎಂದರೆ "ಇದಾಳೆ" ಎನ್ನುತ್ತಿದ್ದಳು ಅಕ್ಕ. ಆ ಒಂದು ಮಾತಿಗೇ ಅವನು ತೃಪ್ತನಾಗುತ್ತಿದ್ದ.

"ನೀನು ಹೇಳ್ಲೇ ಇಲ್ವಲ್ಲಕ್ಕ..."

"ಹೇಳ್ಲಿಲ್ವಾ? ಗೋಡೆ ಉದುರ್ತಾ ಇದೆ, ಎಷ್ಟುದ್ದ ಬೋಲ್ಟ್ ಹಾಕ್ಲಿ ಅಂತ ಫೋನ್ ಮಾಡಿದ್ದೆ. ಏನಂದೆ ನೆನಪಿದ್ಯಾ?"

ನೆನಪಿರಲಿಲ್ಲ. ಮರೆತಿದ್ದೇನೆ ಎಂಬುದೂ ಆವರೆಗೆ ಗೊತ್ತಿರಲಿಲ್ಲ.

"'ಅಕ್ಕಾ, ಏಣಿ ಮೇಲಿದೀನಿ, ಅಲ್ಲೇ ಯಾರಾದ್ರೂ ಪ್ಲಂಬರ್‌ನ ಕರ್ಸು' ಅಂದೆ. ಅಮ್ಮ ಪಕ್ಕದಲ್ಲೇ ಕೂತಿದ್ಲು. ಪ್ಲಂಬರ್‌ನ ಹೆತ್ತೂ ಪ್ಲಂಬರ್‌ನ ಹುಡುಕ್ಬೇಕಾ ಅಂತ ನಕ್ಕುಬಿಟ್ಲು. ಆಮೇಲೆ ನಂಗೆ ಅಂದ್ಲು, 'ಪಾಪ, ಏಣಿ ಮೇಲಿದಾನಂತೆ. ಇಳಿಯೋ ತನಕ ಫೋನ್ ಮಾಡ್ಬೇಡ ಅವನಿಗೆ.' ನೀನು ಇಳಿದೇ ಇಲ್ಲ ಮಹರಾಯ!"

ಬೈಗುಳ ಬಂತು. ಇಷ್ಟು ದಿನ ಕಾದದ್ದು ಇದಕ್ಕೇ. ಆದರೆ ಹಗುರಾಗುವ ಬದಲು ಒಂದೊಂದು ಮಾತೂ ಅವನನ್ನು ನೆಲಕ್ಕೆ ಇನ್ನಷ್ಟು ಒತ್ತಿತು. ತಾಯಿ ಬೈದಿದ್ದರೆ ತಡೆದುಕೊಳ್ಳಬಹುದಿತ್ತು. "ಪಾಪ" ಎಂದದ್ದನ್ನು ಎಲ್ಲಿಟ್ಟುಕೊಳ್ಳುವುದು?

ಹಿತ್ತಲಿಗೆ ಹೋಗಿ, ಗುಜರಿಗೆಂದು ಎಸೆದಿದ್ದ ಪೈಪನ್ನು ಎತ್ತಿಕೊಂಡು ಬಂದ. "ವಾಪಸ್ ಹಾಕ್ತೀನಿ."

"ಯಾರಿಗೆ?" ಎಂದಳು ಅಕ್ಕ.

ಕೈಯಲ್ಲಿ ಪೈಪು, ಎದುರಿಗೆ ಗೋಡೆ. ಇಂಥ ಹೊತ್ತಿನಲ್ಲಿ ಕಸುಬಿನವನ ಬಾಯಿಗೆ ಬರುವ ಮಾತು ಒಂದೇ.

"ಎಷ್ಟು ಎತ್ತರಕ್ಕಿತ್ತಕ್ಕ?"

ಅಕ್ಕ ಬಗ್ಗಿ ಅಂಗೈಯನ್ನು ಗೋಡೆಗೆ ಒತ್ತಿ ತೋರಿಸಿದಳು. "ಇಷ್ಟು. ಎಡಗಡೆ ಇನ್ನೂ ಕೆಳಗೆ, ಆ ಕೈ ಮೇಲೇಳ್ತಿರ್ಲಿಲ್ಲ."

ಸ್ಪ್ಯಾನರ್ ಆ ಅಂಗೈಯನ್ನು ನೋಡಿದ. ಅವನು ಹೊರಟ ದಿನ ತಾಯಿ ಅವನ ಭುಜದ ತನಕ ಇದ್ದಳು. ಅವನ ಲೆಕ್ಕದಲ್ಲಿ ಇವತ್ತಿಗೂ ಅಷ್ಟೇ ಎತ್ತರ ಇದ್ದಳು.

"ಅಷ್ಟು ಬಗ್ಗಿ ಹೋಗಿದ್ಲಾ?"

"ಈಗ ಕೇಳ್ತೀಯಾ?" ಎಂದಳು ಅಕ್ಕ. ಆದರೆ ಹೊರಗೆ ಹೋಗಲಿಲ್ಲ. ಬಕೆಟನ್ನು ಬೋರಲು ಹಾಕಿ ಅದರ ಮೇಲೆ ಕೂತಳು. "ಮೊದಲು ಮಂಡಿ ಹೋಯ್ತು. ಅದೂ ನಿಂಗೆ ಹೇಳ್ದೆ, ಆವಾಗ ಏನಂದೆ ಗೊತ್ತಾ, ಮುಠ್ಠಾಳ..."

ಸ್ಪ್ಯಾನರ್ ಒದ್ದೆ ನೆಲದ ಮೇಲೆ, ಪೈಪನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಗೊತ್ತಿಲ್ಲ ಎಂದು ತಲೆಯಾಡಿಸಿದ. ಅಕ್ಕ ಹೇಳತೊಡಗಿದಳು.