ಅವ್ವ ಮುಟ್ಟಿ ನೋಡಿದ ಪಾರ್ಟ್ ಟೂ

“ನಾನೂ ಬರ್ತೀನಿ ಸಿನಿಮಾಕ್ಕ,” ಎಂದಳು ಅವ್ವ. ಪತ್ರಿಕೆಗೆ ವಿಮರ್ಶೆ ಬರೆಯಲು ಪಾರ್ಟ್ ಟೂ ನೋಡಲು ಹೊರಟಿದ್ದ ನಾನು ಪೆಚ್ಚಾದೆ. ಅವ್ವನಿಗೆ ಈಗ ಕಣ್ಣು ಕಾಣುವುದಿಲ್ಲ.

ಹಾರುವ ಶಕ್ತಿ ಬಂದ ಹೈಸ್ಕೂಲ್ ಹುಡುಗನ ಕಥೆ ಅದು. ಮೊದಲ ಭಾಗ ಬಂದಾಗ ಅವ್ವ ಹಿರೇಹಡಗಲಿಯಿಂದ ಬಂದು, ನನ್ನ ಮಗಳು ಸಿಂಚನಾಳ ಪಕ್ಕ ಕೂತು ಚಪ್ಪಾಳೆ ಹೊಡೆದಿದ್ದಳು. ಆಮೇಲೆ ಕಣ್ಣಿನ ಒತ್ತಡ ಏರಿ ನೋಟ ಪೂರ್ತಿ ಹೋಯಿತು. (ಗ್ಲಾಕೋಮಾ ಎಂದರು ಡಾಕ್ಟರು. ಹೆಸರು ತಿಳಿದು ಮಾಡುವುದೇನು?) ಅಂದಿನಿಂದ ಏನು ಮಾತಾಡಬೇಕೋ ತಿಳಿಯದೆ ಸಿಂಚನಾ ಅಜ್ಜಿಯ ಹತ್ತಿರ ಕೂರುವುದನ್ನೇ ಬಿಟ್ಟಿದ್ದಳು.

ಈಗ ಅವಳೇ, “ಬರ್ಲಿ ಬಿಡಪ್ಪ. ನಾ ಹೇಳ್ತೀನಿ,” ಎಂದಳು.

ಹಗರಿಬೊಮ್ಮನಹಳ್ಳಿಯ ಥಿಯೇಟರ್. ಮ್ಯಾಟ್ನಿ ಶೋ. ಅಜ್ಜಿಯ ಕಿವಿಯಲ್ಲಿ ಕಾಮೆಂಟರಿ ಶುರು. ಮುಂದಿನ ಸೀಟಿನವರು ತಿರುಗಿ ನೋಡಿದರು. ನಾನು ಸಾರಿ ಹೇಳುವಷ್ಟರಲ್ಲಿ ಅವರೇ, “ಸ್ವಲ್ಪ ಜೋರಾಗಿ ಹೇಳವ್ವ. ನಮಗೂ ಕಥಿ ತಿಳೀವಲ್ದು,” ಎಂದರು!

ತಪ್ಪು ಅವರದಲ್ಲ. ವಿಲನ್‌ಗಳೇ ಮೂವರು. ಇಂಟರ್‌ವೆಲ್ ಆದ ಮೇಲಂತೂ ಬರೀ ಗ್ರಾಫಿಕ್ಸ್.

“ಬಿಲ್ಡಿಂಗ್ ಬಿತ್ತಬೇ... ಮತ್ತೊಂದು ಬಿತ್ತು...” ಸಿಂಚನಾ ಆಕಳಿಸಿದಳು.

“ಒಳಗ ಮಂದಿ ಇರ್ಲಿಲ್ಲೇನಲೇ?” ಎಂದಳು ಅವ್ವ.

ಇಡೀ ಚಿತ್ರತಂಡಕ್ಕೆ ಈ ಪ್ರಶ್ನೆ ಯಾಕೆ ಹೊಳೆಯಲಿಲ್ಲ?

ಆದರೆ ಒಂದು ದೃಶ್ಯವಿದೆ. ಸೋತು ಬಂದ ಹುಡುಗ ಅಡುಗೆಮನೆಯ ಬಾಗಿಲಲ್ಲಿ ನಿಂತು, ತಾಯಿಯ ಮುಂದೆ ಮೊದಲ ಸಲ ಮುಖವಾಡ ತೆಗೆಯುತ್ತಾನೆ. ಮಾತಿಲ್ಲ, ಮ್ಯೂಸಿಕ್ ಇಲ್ಲ. ಸಿಂಚನಾಳ ಕಾಮೆಂಟರಿಯೂ ನಿಂತಿತು.

“ಯಾಕ ಸುಮ್ಮನಾದಿ?” ಅವ್ವ ಕೇಳಿದಳು.

“ಅವರೂ ಸುಮ್ಮನ ಅದಾರಬೇ. ಅವರವ್ವ ಅವನ ಮಾರಿ ಮುಟ್ಟಿ ಮುಟ್ಟಿ ನೋಡಾಕತ್ತಾಳ.”

ಅವ್ವನ ಕೈ ಮೆಲ್ಲಗೆ ಮೊಮ್ಮಗಳ ಮುಖಕ್ಕೆ ಬಂತು. ಹಣೆ, ಮೂಗು, ಕೆನ್ನೆ. ಮೊಡವೆಗಳ ಮೇಲೆ ಯಾರ ಬೆರಳು ತಾಗಿದರೂ ಸಿಡುಕುವ ಹುಡುಗಿ (ನನಗಂತೂ ಧೈರ್ಯವೇ ಇಲ್ಲ) ಅಲ್ಲಾಡದೆ ಕೂತಳು.

“ಎಷ್ಟ್ ಬೆಳದೀಯಲೇ! ಆ ಉಬ್ಬಿದ ಗಲ್ಲ ಎಲ್ಲಿ ಹೋದವು?” ಅವ್ವ ಪಿಸುಗುಟ್ಟಿದಳು. “ನನ್ನ ಕಣ್ಣಾಗ ನೀನಿನ್ನೂ ಐದನೇ ಕ್ಲಾಸಿನ ಹುಡುಗಿ ಇದ್ದಿ.”

ಪರದೆಯ ಮೇಲೆ ಮತ್ತೆ ಫೈಟ್ ಶುರುವಾಯಿತು. ಸಿಂಚನಾ ಅದನ್ನು ಹೇಳಲಿಲ್ಲ, ಅವ್ವ ಕೇಳಲೂ ಇಲ್ಲ. ಸ್ಕೂಲು, ಗೆಳತಿಯರು, ಯಾರೊಡನೆಯೋ ಆದ ಜಗಳ... ಇಷ್ಟು ದಿನ ಹೇಳದೆ ಉಳಿದದ್ದೆಲ್ಲ ಅಜ್ಜಿಯ ಕಿವಿಗೆ ಇಳಿಯುತ್ತಿತ್ತು.

ಹೊರಗೆ ಬಂದಾಗ ಕೇಳಿದೆ, “ಹೆಂಗಿತ್ತವ್ವ?”

“ಮೊದಲನೇದಕ್ಕಿಂತ ಇದಾ ಚಲೋ ಐತಿ,” ಎಂದಳು ಅವ್ವ, ಮೊಮ್ಮಗಳ ತೋಳು ಹಿಡಿದು ಮೆಟ್ಟಿಲು ಇಳಿಯುತ್ತ.

ನಾನು ಎರಡೂವರೆ ಸ್ಟಾರ್ ಎಂದುಕೊಂಡಿದ್ದೆ. ನೀವೇ ಹೇಳಿ, ಈಗ ಎಷ್ಟು ಕೊಡಲಿ?