ಬಂಡೆಮ್ಮ ಆರಿಸಿದ ಮುಖ

ಗಾರೆ ಕೆಲಸಕ್ಕೆಂದು ಯಾದಗಿರಿ ಕಡೆಯಿಂದ ಹೈದರಾಬಾದಿಗೆ ಬಂದ ಬಂಡೆಮ್ಮನಿಗೆ ಇಟ್ಟಿಗೆ ಹೊತ್ತು ಹೊತ್ತು ಮೊಣಕಾಲು ಹಿಡಿದುಕೊಂಡಿತ್ತು. ಮೆಹದಿಪಟ್ಟಣದ ಸಣ್ಣ ದವಾಖಾನೆಯೊಂದರಲ್ಲಿ ಬೀದರ ಕಡೆಯ ನರ್ಸ್ ಸ್ನೇಹಲತಾ ನೋವು ಎಷ್ಟಿದೆಯೆಂದು ಅಳೆಯುವ ಗೋಡೆಯ ಪಟ ತೋರಿಸಿದಳು. ಅದರಲ್ಲಿ ನಗುವ ಮುಖದಿಂದ ಅಳುವ ಮುಖದವರೆಗೆ ಸಾಲಾಗಿ ಆರು ಮುಖಗಳಿದ್ದವು.

“ನಿಮ್ದು ಯಾವುದ್ರಿ, ಆಯಿ?”

ಬಳೆ ಅಂಗಡಿಯಲ್ಲಿ ನಿಂತವಳಂತೆ ಎಲ್ಲವನ್ನೂ ನೋಡಿ ಬಂಡೆಮ್ಮ ನಗುವ ಮುಖದ ಮೇಲೆ ಬೆರಳಿಟ್ಟಳು.

“ಹಂಗಾರ ನೋವೇ ಇಲ್ಲೇನ್ರಿ?”

“ನೋವಿಲ್ಲಂದ್ರ ಕೂಲಿ ಬಿಟ್ಟು ಯಾಕ ಬರ್ಲಿ? ಅಳೂ ಮಾರಿ ನನ್ನ ಹತ್ರ ಆಗ್ಲೇ ಐತಿ. ನನಗ ಇದು ಬೇಕು, ಕೊಡವ್ವಾ!”

ಸ್ನೇಹಲತಾ ಬಿದ್ದು ಬಿದ್ದು ನಕ್ಕಳು. ಈಗಿರುವ ನೋವನ್ನು ತೋರಿಸಬೇಕೆಂದು ತಿಳಿಹೇಳಿದ ಮೇಲೆ ಬಂಡೆಮ್ಮನ ಬೆರಳು ಒಲ್ಲದ ಮನಸ್ಸಿನಿಂದ ಅಳುವ ಮುಖದತ್ತ ಸರಿಯಿತು.

ಔಷಧ, ವ್ಯಾಯಾಮ ಕೈಹಿಡಿದವು. ಯುಗಾದಿಯ ಹೊತ್ತಿಗೆ ಅವಳು ಯಾರ ಹೆಗಲನ್ನೂ ಹಿಡಿಯದೆ ಮೆಟ್ಟಿಲು ಹತ್ತಿ ಬಂದಳು. ಕೇಳುವ ಮೊದಲೇ ತನ್ನ ಹಣೆಯ ಕುಂಕುಮವನ್ನು ಬೆರಳಿಗೆ ಒತ್ತಿಕೊಂಡು ನಗುವ ಮುಖಕ್ಕಿಟ್ಟಳು.

“ಈಗ ನೋಡು, ಇದು ನನ್ನ ಮಾರಿ!”

ಆ ಕುಂಕುಮವನ್ನು ಯಾರೂ ಒರೆಸಿಲ್ಲ; ಆ ನಗುವ ಮುಖಕ್ಕೀಗ ಬಂಡೆಮ್ಮ ಎಂದೇ ಹೆಸರು. ಕನ್ನಡದ ರೋಗಿಗಳು ಬಂದರೆ ಸ್ನೇಹಲತಾ ಪಟ ತೋರಿಸಿ ಕೇಳುವುದು ಒಂದೇ ಮಾತು:

“ಬಂಡೆಮ್ಮ ಇನ್ನ ಎಷ್ಟು ದೂರ ಅದಾಳ್ರಿ?”