ಝಾಲರು ಹೊಲಿದ ಗೋಪುರ

ನನ್ನ ಅತ್ತಿಗೆ ಗೋಪುರ ಕಟ್ಟುವವರು. ಅಂದರೆ, ಕಟ್ಟಬೇಕೆಂದು ವರ್ಷಗಟ್ಟಲೆ ನಕ್ಷೆ ಬರೆಯುತ್ತಲೇ ಇದ್ದವರು. ನೆಲದ ಮೇಲೆ ಅಗಲವಾದ ಗಾಜಿನ ಚಪ್ಪರ, ನಡುವೆ ಮುಗಿಲೆತ್ತರದ ಕೊಳವೆ. ಬಿಸಿಲಿಗೆ ಚಪ್ಪರದಡಿಯ ಗಾಳಿ ಕಾದು ಕೊಳವೆಯೊಳಗೆ ಮೇಲಕ್ಕೆ ನುಗ್ಗುತ್ತದೆ, ದಾರಿಯಲ್ಲಿರುವ ಫ್ಯಾನು ತಿರುಗುತ್ತದೆ, ಕರೆಂಟು ಹುಟ್ಟುತ್ತದೆ. ಇಷ್ಟೇ. ಇಷ್ಟೂ ತಲೆಗೆ ಹೋಗದ ನಮ್ಮ ಬೀದಿಯವರು ‘ಗಾಳಿಗೋಪುರದಮ್ಮ’ ಎಂದು ಹಲ್ಲು ಕಿರಿಯುತ್ತಿದ್ದರು. ನನಗೆ ಮೈ ಉರಿಯುತ್ತಿತ್ತು. ಅತ್ತಿಗೆ ಮಾತ್ರ ತಾವೂ ನಕ್ಕುಬಿಡುತ್ತಿದ್ದರು.

ನನ್ನಣ್ಣ ದರ್ಜಿ. ಅವನ ಕತ್ತರಿ ಬಟ್ಟೆಗೆ ಮಾತ್ರ ಮೀಸಲು. ಒಮ್ಮೆ ನಾನು ಅದರಲ್ಲಿ ಪೇಪರು ಕತ್ತರಿಸಿದ್ದಕ್ಕೆ ಮನೆಯ ಸೂರು ಹಾರುವ ಹಾಗೆ ಕೂಗಾಡಿದ್ದ.

ಆ ದಿನ ವಿದ್ಯುತ್ ಇಲಾಖೆಯ ದೊಡ್ಡ ಸಾಹೇಬರು ನಮ್ಮ ತಾರಸಿಗೆ ಬರುವವರಿದ್ದರು. ಅಲ್ಲಿ ಅತ್ತಿಗೆಯ ಮಾದರಿ ಗೋಪುರ ನಿಂತಿತ್ತು. ಅದರ ಬಲ್ಬು ಹೊತ್ತಿದರೆ ಊರಾಚೆಯ ಬಯಲಲ್ಲಿ ದೊಡ್ಡದಕ್ಕೆ ಒಪ್ಪಿಗೆ. ಹೊತ್ತದಿದ್ದರೆ ಅಷ್ಟೂ ವರ್ಷದ ಕೆಲಸ ಮೂಲೆಗೆ. ಮಾದರಿಯ ಪ್ಲಾಸ್ಟಿಕ್ ಚಪ್ಪರ ಹರಿದಿತ್ತೆಂದು ಅಣ್ಣ ಹೊಸದೊಂದು ಹೊಲಿದು, ಅತ್ತಿಗೆ ಸಾಹೇಬರನ್ನು ಕರೆತರಲು ಹೋದಾಗ ತಾನೇ ಬಿಗಿದು ಕಟ್ಟಿದ್ದ.

ಬಿಸಿಲು ಧಗಧಗ ಅನ್ನುತ್ತಿತ್ತು. ಫ್ಯಾನು ಮಾತ್ರ ಮಿಸುಕಲಿಲ್ಲ. ಸಾಹೇಬರು ಗಡಿಯಾರ ನೋಡಿಕೊಂಡರು. ಅತ್ತಿಗೆ ಬಗ್ಗಿ ಚಪ್ಪರದ ಬುಡ ನೋಡಿದರು.

“ರೀ, ಇದೇನಿದು ಅಂಚಿಗೆ?”

“ಝಾಲರು,” ಅಣ್ಣ ಹೆಮ್ಮೆಯಿಂದ ಹೇಳಿದ. “ನೆರಿಗೆ ಹಾಕಿ ನೆಲದವರೆಗೂ ಇಳಿಸಿದೀನಿ. ಬೋಳು ಅಂಚು ಬಿಟ್ರೆ ನೋಡೋರು ಏನಂತಾರೆ?”

“ಅಯ್ಯೋ, ಸುತ್ತ ಒಂದು ಗೇಣು ತೆರೆದಿರ್ಬೇಕು ಅಂದಿದ್ನಲ್ರೀ! ಗಾಳಿ ಒಳಗೇ ಬರದೆ ಇದ್ರೆ ಮೇಲೆ ಹೋಗೋದಾದ್ರೂ ಏನು?”

ಸಾಹೇಬರು ಆಗಲೇ ಮೆಟ್ಟಿಲ ಕಡೆ ತಿರುಗಿದ್ದರು. “ಒಂದ್ನಿಮಿಷ ಸಾರ್!” ಎಂದು ಅಣ್ಣ ಅವರನ್ನು ದಾಟಿ ಕೆಳಗೋಡಿದ. ಬಂದಾಗ ಕೈಯಲ್ಲಿ ಅದೇ ಕತ್ತರಿ. ನಾನು ಬಾಯಿ ಬಿಟ್ಟುಕೊಂಡು ನಿಂತೆ. ಅವನು ಮಂಡಿಯೂರಿ, ತಾನೇ ಹೊಲಿದ ಝಾಲರನ್ನು ಕರಕರ ಕತ್ತರಿಸುತ್ತ ಚಪ್ಪರದ ಸುತ್ತ ತೆವಳಿದ. ದಪ್ಪ ಪ್ಲಾಸ್ಟಿಕ್. ಅಲಗು ಹಾಳಾಗುವುದು ನನಗೇ ಕೇಳಿಸುತ್ತಿತ್ತು.

ಅವನು ಒಂದು ಸುತ್ತು ಮುಗಿಸುವ ಮೊದಲೇ ಫ್ಯಾನು ಅಲುಗಿತು, ತಿರುಗಿತು, ರೆಕ್ಕೆ ಕಾಣದಷ್ಟು ಜೋರಾಗಿ ತಿರುಗಿತು. ಬಲ್ಬು ಹೊತ್ತಿತು. ಅತ್ತಿಗೆ ಚಿಕ್ಕ ಹುಡುಗಿಯ ಹಾಗೆ ಚಪ್ಪಾಳೆ ತಟ್ಟಿದರು. ನನ್ನ ಕಣ್ಣೂ ತುಂಬಿ ಬಂತು.

ಸಾಹೇಬರು ವಾಪಸ್ಸು ಬಂದು, “ದೊಡ್ಡದನ್ನ ಯಾವಾಗ ಶುರು ಮಾಡ್ತೀರಮ್ಮ?” ಎಂದರು.

“ನಾಳೆನೇ ಸಾರ್,” ಅತ್ತಿಗೆ ಅಣ್ಣನ ಕಡೆ ನೋಡಿದರು. “ಝಾಲರು ಇಲ್ದೆ.”

ಸಂಜೆ ಅಣ್ಣ ಮೊಂಡಾದ ಕತ್ತರಿಗೆ ಸಾಣೆ ಹಿಡಿಯುತ್ತ ಕೂತಿದ್ದ. ಮುಖದ ತುಂಬ ನಗು. ಇದೇ ಒಳ್ಳೆ ಸಮಯ ಅಂದುಕೊಂಡು ನಾನು ಕೇಳಿದೆ, “ಅಣ್ಣಾ, ಒಂದು ಪೇಪರ್ ಕತ್ತರಿಸ್ಬೇಕಿತ್ತು...”

“ಮುಟ್ಟಿದ್ರೆ ಕೈ ಮುರೀತೀನಿ,” ಎಂದ.